ಏನೂ ಹೇಳದ ಯಂತ್ರ

ಯಂತ್ರ ಏನೂ ಹೇಳಲಿಲ್ಲ. ಒಂದು ಮಾತು ಹೇಳಿದ್ದರೆ, ಬೈದಿದ್ದರೂ ಸರಿ, ಅವನಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಕೃತಕ ಕಾಲಿಗೆಂದು ಬಂದ ಬಸ್ ಕಂಡಕ್ಟರಮ್ಮನ ಕಾಲಿನ ಅಳತೆಗಳನ್ನೆಲ್ಲ ಟೈಪ್ ಮಾಡಿ, ಉಳಿಸು ಎಂದು ಆಜ್ಞೆ ಕೊಟ್ಟು, ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕಾದ. ಕಪ್ಪು ಪರದೆಯ ಎಡತುದಿಯಲ್ಲಿ ಮತ್ತೆ ಅದೇ ಚಿಹ್ನೆ ಬಂದು ನಿಂತಿತು. ಎರಡು ಅಡ್ಡಗೆರೆ, ಎರಡು ಉದ್ದಗೆರೆ, ಕಿಟಕಿಯ ಸರಳುಗಳ ಹಾಗೆ. ಅದರ ಪಕ್ಕದಲ್ಲಿ ಮಿಣುಕುವ ಒಂದು ಚುಕ್ಕೆ. ಅಷ್ಟೆ. ನಿನ್ನೆಯವರೆಗೆ ಇದೇ ಪೆಟ್ಟಿಗೆಯೊಳಗೆ ಇದ್ದ ಹಳೆಯ ವ್ಯವಸ್ಥೆ ಹೀಗಿರಲಿಲ್ಲ. ನಕಲು ಮಾಡಿದರೆ 'ಒಂದು ಕಡತ ನಕಲಾಯಿತು' ಎಂದು ವರದಿ ಒಪ್ಪಿಸುತ್ತಿತ್ತು, ಏನಾದರೂ ಅಳಿಸಹೊರಟರೆ 'ಖಂಡಿತವಾಗಿಯೂ?' ಎಂದು ಕೇಳುತ್ತಿತ್ತು. ಹಾಗೆ ಕೇಳಿದಾಗಲೆಲ್ಲ ಅವನಿಗೆ ಯಾರೋ ಹಿರಿಯರು ಬೆನ್ನ ಹಿಂದೆ ನಿಂತಿದ್ದಾರೆ ಎಂಬ ಧೈರ್ಯ ಬರುತ್ತಿತ್ತು. ಇದು ಹೇಳಿದ್ದನ್ನು ಮಾಡಿ ಸುಮ್ಮನಾಗುತ್ತದೆ. ಮಾಡಿತೋ ಇಲ್ಲವೋ ಎಂದು ನೋಡಬೇಕಾದರೆ ಮತ್ತೊಂದು ಆಜ್ಞೆ ಕೊಡಬೇಕು. ಆ ಆಜ್ಞೆ ಸರಿಯೋ ತಪ್ಪೋ ಎಂದೂ ಅದು ಹೇಳುವುದಿಲ್ಲ. ಜೊತೆಗೆ ಬಂದ ದಪ್ಪ ಪುಸ್ತಕದ ಮೊದಲ ಅಧ್ಯಾಯದಲ್ಲೇ ಬರೆದಿದ್ದರು, ಎಲ್ಲ ಸರಿಯಾಗಿದ್ದರೆ ಈ ವ್ಯವಸ್ಥೆ ಮಾತಾಡುವುದಿಲ್ಲ, ಗಾಬರಿಯಾಗಬೇಡಿ ಎಂದು. ಮೌನಂ ಸಮ್ಮತಿ ಲಕ್ಷಣಂ ಎಂದು ಇವರಿಗೂ ಯಾರೋ ಹೇಳಿಕೊಟ್ಟಿದ್ದಾರೆ ಎಂದುಕೊಂಡ. ಆದರೆ ಅದನ್ನು ಬರೆದವನು ಅಪ್ಪನ ಜೊತೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತವನಲ್ಲ. ಅಪ್ಪನಿಗೆ ಎಲ್ಲ ಸರಿಯಿದ್ದಾಗ ಬಾಯಿ ತುಂಬ ಮಾತು. ಮಾತು ನಿಂತಿತೆಂದರೆ ಏನೋ ಕಾದಿದೆ ಎಂದೇ ಲೆಕ್ಕ.

ಹೋದ ವಾರ ಅಂಚೆಯಲ್ಲಿ ಬಂದದ್ದು ಒಂದಿಷ್ಟು ಫ್ಲಾಪಿ ಮತ್ತು ಇಟ್ಟಿಗೆಯಂಥ ಆ ಪುಸ್ತಕ. ದೊಡ್ಡ ಸಂಸ್ಥೆಗಳ ದೊಡ್ಡ ಯಂತ್ರಗಳಲ್ಲಿ ಓಡುವ ಯೂನಿಕ್ಸ್ ಎಂಬುದರ ತಮ್ಮ ಇದು ಎಂದು ಪತ್ರಿಕೆಯ ಜಾಹೀರಾತಿನಲ್ಲಿ ಓದಿ ತರಿಸಿದ್ದ. ಅಣ್ಣನ ಬೆಲೆಗೆ ಮನೆ ಕಟ್ಟಿಸಬಹುದು, ತಮ್ಮನ ಬೆಲೆ ಒಂದು ಜೊತೆ ಒಳ್ಳೆಯ ಬೂಟಿನಷ್ಟು. "ಒಂಟಿ ಬೂಟಿನ ಬೆಲೆಗೆ ಕೊಡ್ತಾರಾ ಕೇಳಿ ನೋಡಿ, ನಮ್ಮಲ್ಲಿಗೆ ಬರೋರಿಗೆ ಅಷ್ಟು ಸಾಕು" ಎಂದು ಮೇಸ್ತ್ರಿ ನಕ್ಕಿದ್ದರು. ಕೃತಕ ಕಾಲು ಮಾಡುವ ಕಾರ್ಖಾನೆಯಲ್ಲಿ ಇಂಥ ತಮಾಷೆಗೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕಾರ್ಖಾನೆ ಅಕ್ಕನದು. ಬಂದವರ ಕತ್ತರಿಸಿ ಉಳಿದ ಕಾಲಿನ ಭಾಗವನ್ನು ಅಳೆಯುವುದು ಅವನ ಕೆಲಸ, ಅಳತೆಗೆ ಸರಿಯಾಗಿ ಕಾಲು ಮಾಡುವುದು ಮೇಸ್ತ್ರಿಯವರದು. ಇರುವುದು ಒಂದೇ ಕಂಪ್ಯೂಟರ್. ಈ ಹೊಸ ವ್ಯವಸ್ಥೆ ಹಾಕಿದರೆ ಅದಕ್ಕೇ ಇನ್ನೊಂದು ಪರದೆ, ಇನ್ನೊಂದು ಕೀಲಿಮಣೆ ತಗುಲಿಸಿ, ಇವನು ಇಲ್ಲಿ ಬರೆದದ್ದನ್ನು ಮೇಸ್ತ್ರಿ ಒಳಗೆ ಕೂತು ಓದಬಹುದು. ಇದನ್ನೆಲ್ಲ ಅವನು ಕೈ ಹಿಸುಕಿಕೊಳ್ಳುತ್ತ ವಿವರಿಸಿದಾಗ ಅಕ್ಕ ಕನ್ನಡಕ ತೆಗೆದು ಒರೆಸಿ, "ಇದರಿಂದ ತೊಂದರೆ ಏನೂ ಇಲ್ಲ ತಾನೆ?" ಎಂದು ಕೇಳಿದ್ದಳು. ಅವನು ಹೂಂ ಎಂದಿದ್ದ.

ಅವನ ಅಡ್ಡಹೆಸರೇ ಹೂಂಗುಟ್ಟಪ್ಪ. ಇಟ್ಟವರು ಮೇಸ್ತ್ರಿ, ಪ್ರೀತಿಯಿಂದಲೇ. ಕೇಳಿದ್ದಕ್ಕೆಲ್ಲ ಹೂಂ, ಕೇಳದಿದ್ದರೂ ಹೂಂ, ಯಾರೋ ಕಥೆ ಹೇಳುತ್ತಿದ್ದಾರೆ, ತಾನು ಹೂಂಗುಡದಿದ್ದರೆ ಕಥೆ ನಿಂತು ಬೇರೇನೋ ಶುರುವಾಗುತ್ತದೆ ಎಂಬ ಹಾಗೆ. ಅಂಥವನನ್ನು ಈ ಯಂತ್ರ ಸರ್ವಾಧಿಕಾರಿ ಮಾಡಿ ಕೂರಿಸಿತ್ತು. ಪುಸ್ತಕದ ಪ್ರಕಾರ ಈ ವ್ಯವಸ್ಥೆಯಲ್ಲಿ ಸಾಮಾನ್ಯ ಪ್ರಜೆಗಳು ಬೇರೆ, ಎಲ್ಲ ಅಧಿಕಾರವೂ ಇರುವವನೊಬ್ಬ ಬೇರೆ. ಅವನ ಹೆಸರು 'ಬೇರು'. ಬೇರು ಯಾವ ಕಡತವನ್ನಾದರೂ ತೆರೆಯಬಹುದು, ಯಾರ ಕೆಲಸವನ್ನಾದರೂ ನಿಲ್ಲಿಸಬಹುದು, ಬೇಕಾದರೆ ತಾನು ಕೂತ ಕೊಂಬೆಯನ್ನೇ ಕಡಿಯಬಹುದು, ತಡೆಯುವವರಿಲ್ಲ. ಆದ್ದರಿಂದ ಆ ಹೆಸರಿನಲ್ಲಿ ಸುಮ್ಮಸುಮ್ಮನೆ ಒಳಬರಬೇಡಿ, ನಿಮಗೊಂದು ಸಾಮಾನ್ಯ ಹೆಸರು ಮಾಡಿಕೊಳ್ಳಿ ಎಂದು ಎಚ್ಚರಿಕೆ ಬೇರೆ. ಮಾಡಿಕೊಳ್ಳುವ ಬಗೆ ಅವನಿಗೆ ತಿಳಿಯಲಿಲ್ಲ. ಎರಡು ಸಲ ಪ್ರಯತ್ನಿಸಿದ, ಎರಡು ಸಲವೂ ಯಂತ್ರ ಏನೂ ಹೇಳಲಿಲ್ಲ, ಹೆಸರೂ ಆಗಲಿಲ್ಲ. ಕೊನೆಗೆ ಬೆಳಗಿನಿಂದ ಬೇರಾಗಿಯೇ ಕೂತಿದ್ದ. ಯಜಮಾನರ ಕುರ್ಚಿಯಲ್ಲಿ ಅವರಿಲ್ಲದಾಗ ಕೂತವನ ಹಾಗೆ ಅರ್ಧ ಅಂಡು ಮಾತ್ರ ಊರಿ, ಪ್ರತಿ ಅಕ್ಷರವನ್ನೂ ಒತ್ತುವ ಮುಂಚೆ ಬೆರಳನ್ನು ಗಾಳಿಯಲ್ಲಿ ನಿಲ್ಲಿಸಿಕೊಂಡು.

"ಬಂತು, ಬಂತು" ಎಂದು ಒಳಗಿನಿಂದ ಮೇಸ್ತ್ರಿ ಕೂಗಿದರು. "ನೀವಲ್ಲಿ ಬರ್ದಿದ್ದು ಇಲ್ಲಿ ಕಾಣ್ತಾ ಇದೆ." ಅವನು ಎದ್ದು ಓಡಿ ಹೋಗಿ ನೋಡಿದ. ಪ್ಲಾಸ್ಟರ್ ಪುಡಿ ಮೆತ್ತಿದ ಮೇಜಿನ ಮೇಲೆ, ಅಂಟಿನ ಡಬ್ಬಗಳ ಮಧ್ಯೆ ಇಟ್ಟಿದ್ದ ಹಳೆಯ ಪರದೆಯಲ್ಲಿ ಕಂಡಕ್ಟರಮ್ಮನ ಮಂಡಿಯ ಕೆಳಗಿನ ಸುತ್ತಳತೆಗಳು ಒಂದರ ಕೆಳಗೊಂದು ನಿಂತಿದ್ದವು. ಮೇಸ್ತ್ರಿ ಅಭ್ಯಾಸಬಲದಿಂದ ಕಿವಿಯ ಸಂದಿಯ ಪೆನ್ಸಿಲ್ ತೆಗೆದು ಗೋಡೆಯ ಮೇಲೆ ಅವನ್ನು ಗೀಚಿಕೊಳ್ಳಲು ಹೋದರು. ಆ ಗೋಡೆಯ ತುಂಬ ಯಾರು ಯಾರದೋ ಕಾಲುಗಳು ಅಂಕಿಗಳಾಗಿ ನಿಂತಿದ್ದವು. ಆಗ ಅವನು, ತನ್ನ ದನಿ ತನಗೇ ಗುರುತು ಸಿಗದಂತೆ, "ಬೇಡ ಮೇಸ್ತ್ರಿ, ಇನ್ನು ಚೀಟಿನೂ ಬೇಡ ಗೋಡೆನೂ ಬೇಡ, ಎಲ್ಲ ಇದರಲ್ಲೇ ಇರುತ್ತೆ" ಎಂದ. ಮೇಸ್ತ್ರಿ ಹುಬ್ಬೇರಿಸಿ, "ಓಹೋ, ಹೂಂಗುಟ್ಟಪ್ಪನವರು ಬೇಡ ಅಂದ್ರು ಅಂದ್ಮೇಲೆ ಬೇಡ" ಎಂದು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದರು. ಊಟದ ನಂತರ ಸಿದ್ಧ ಅಚ್ಚೊಂದನ್ನು ಆ ಅಳತೆಗೆ ತಿದ್ದಲು ಕೂರುತ್ತೇನೆ ಎಂದೂ ಹೇಳಿದರು. ಅವನು ತನ್ನ ಜಾಗಕ್ಕೆ ಹಿಂದಿರುಗುವಾಗ ಕಾಲು ಹಗುರಾಗಿತ್ತು. ಕುರ್ಚಿಯಲ್ಲಿ ಕೂತೊಡನೆ ಹೆದರಿಕೆಯೂ ಬಂದು ಪಕ್ಕದಲ್ಲಿ ಕೂತಿತು.

ಕಂಡಕ್ಟರಮ್ಮ ಹೊರಗೆ ಜಗುಲಿಯ ಬೆಂಚಿನ ಮೇಲೆ ಕೂತಿದ್ದಳು. ನಿನ್ನೆ ಮಧ್ಯಾಹ್ನವೇ ಬಂದಿದ್ದಳು. ಆಗ ನೋಡಿದರೆ ಬಸ್ಸಿನಲ್ಲಿ ಕಾಲು ಜೋಲುಬಿಟ್ಟು ಕೂತು ಉಳಿದ ಭಾಗ ಊದಿಕೊಂಡಿತ್ತು. ಊದಿದ ಕಾಲನ್ನು ಅಳೆದು ಮಾಡಿದ ಕಾಲು ಊತ ಇಳಿದ ಮೇಲೆ ಲೊಡಲೊಡ ಎನ್ನುತ್ತದೆ, ಚರ್ಮ ಸುಲಿಯುತ್ತದೆ. ಆದ್ದರಿಂದ ರಾತ್ರಿ ಇಲ್ಲೇ ಉಳಿದು, ದಿಂಬಿನ ಮೇಲೆ ಕಾಲೆತ್ತಿ ಮಲಗಿ, ಬೆಳಗ್ಗೆ ಊತ ಇಳಿದ ಮೇಲೆ ಅಳತೆ ಕೊಟ್ಟಿದ್ದಳು. ಟೇಪು ಸುತ್ತುವಾಗ ಅವನ ಕೈ ತಣ್ಣಗಿತ್ತು. ಅವಳು ಹಲ್ಲು ಕಚ್ಚಿ ಗೋಡೆ ನೋಡಿದಳು. ಗಾಯದ ಗೆರೆಯ ಹತ್ತಿರ ಬೆರಳು ಹೋದಾಗ ಬೆಚ್ಚಿ ಕಾಲೆಳೆದುಕೊಂಡು, ಮತ್ತೆ ತಾನೇ ಮುಂದೆ ಚಾಚಿ, "ಹೆದರ್ಬೇಡಿ ಅಣ್ಣ, ಅಳೀರಿ" ಎಂದಿದ್ದಳು. ಅಳೆಯುವವನಿಗೇ ಧೈರ್ಯ ಹೇಳಿದ ಹೆಂಗಸು. ಮೇಸ್ತ್ರಿ ಅಳತೆ ಪಡೆದು, ಮಧ್ಯಾಹ್ನ ಅಚ್ಚನ್ನು ಒಮ್ಮೆ ಕಾಲಿಗೆ ಹಿಡಿದು ನೋಡಿದರೆ ಮುಗಿಯಿತು, ಸಂಜೆ ಬಸ್ಸಿಗೆ ಹೊರಡಬಹುದು. ಮಗಳನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು ಬಂದಿದ್ದಾಳೆ. ಎರಡನೇ ರಾತ್ರಿ ಬರದಿದ್ದರೆ, ಅಪಘಾತವಾದ ದಿನದ ಹಾಗೆ ಅಮ್ಮ ಮತ್ತೆ ಆಸ್ಪತ್ರೆ ಸೇರಿದಳೆಂದೇ ಆ ಮಗು ತಿಳಿಯುತ್ತದಂತೆ. "ಸಂಜೆ ಬಂದೇ ಬರ್ತೀನಿ ಅಂತ ಆಣೆ ಹಾಕಿದೀನಿ. ಬಿಡ್ತೀರಲ್ಲಾ?" ಎಂದು ಬೆಳಗ್ಗೆ ಕೇಳಿದಾಗ ಅವನು ಹೂಂ ಎಂದಿದ್ದ.

ಊಟದ ಹೊತ್ತಿಗೆ ಅವನು ಡಬ್ಬಿಯನ್ನೂ ಪುಸ್ತಕವನ್ನೂ ಹಿಡಿದುಕೊಂಡು ಹಿತ್ತಿಲ ಮೆಟ್ಟಿಲ ಮೇಲೆ ಕೂತ. ಎಡಗೈಯಲ್ಲಿ ಹಾಳೆ ತಿರುಗಿಸುತ್ತ, ಬಲಗೈಯಲ್ಲಿ ತಿನ್ನುತ್ತ, ಯಾವುದನ್ನೂ ಸರಿಯಾಗಿ ಮಾಡದೆ. ಒಳಗೆ ಅಕ್ಕ ಕೈ ತೊಳೆಯುವ ಸದ್ದು. ಅವನ ಕಣ್ಣು ಒಂದು ಚೌಕದೊಳಗೆ ದಪ್ಪಕ್ಷರದಲ್ಲಿ ಅಚ್ಚಾದ ಸಾಲುಗಳ ಮೇಲೆ ಬಿತ್ತು. ಈ ವ್ಯವಸ್ಥೆ ನೀವು ಉಳಿಸಿದ್ದನ್ನು ಕೂಡಲೇ ಡಿಸ್ಕಿಗೆ ಬರೆಯುವುದಿಲ್ಲ. ತನ್ನ ನೆನಪಿನಲ್ಲಿಟ್ಟುಕೊಂಡು, ಪುರುಸೊತ್ತಾದಾಗ ಬರೆಯುತ್ತದೆ. ಆದ್ದರಿಂದ 'ಬರೆ' ಎಂದು ಆಜ್ಞೆ ಕೊಡದೆ ವಿದ್ಯುತ್ತನ್ನು ಎಂದೂ ಆರಿಸಬೇಡಿ. ಅನುಭವಸ್ಥರು ಆ ಆಜ್ಞೆಯನ್ನು ಮೂರು ಸಲ ಕೊಡುವ ರೂಢಿ ಇದೆ. ಅವನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಯಾಕೆಂದರೆ ಈ ಕಾರ್ಖಾನೆಗೂ ಒಂದು ರೂಢಿ ಇತ್ತು. ಹಿಂದೊಮ್ಮೆ ಊಟದ ಹೊತ್ತಿನಲ್ಲಿ, ಯಾರೂ ಇಲ್ಲದಾಗ, ಪ್ಲಾಸ್ಟಿಕ್ ಹಾಳೆ ಕಾಯಿಸುವ ಒಲೆ ಉರಿದು ಅರ್ಧ ಚಾವಣಿ ಹೋಗಿತ್ತು. ಅಂದಿನಿಂದ ಊಟಕ್ಕೆ ಕೂರುವ ಮುಂಚೆ ಅಕ್ಕ ತಾನೇ ಹೋಗಿ ಮೇನ್ ಸ್ವಿಚ್ ಇಳಿಸುತ್ತಾಳೆ. ಆ ಸ್ವಿಚ್ಚನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ, ಅದರ ಬಗ್ಗೆ ಮಾತೂ ಆಡುವ ಹಾಗಿಲ್ಲ. ಹಳೆಯ ವ್ಯವಸ್ಥೆಗೆ ಇದರಿಂದ ಏನೂ ಆಗುತ್ತಿರಲಿಲ್ಲ, ಉಳಿಸಿದ್ದು ಉಳಿದಿರುತ್ತಿತ್ತು.

ನಲ್ಲಿ ನಿಂತಿತು. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವನ ಹಿಂದಿನಿಂದಲೇ ಹಾದು ಗೋಡೆಯ ಪೆಟ್ಟಿಗೆಯ ಕಡೆ ಹೋದಳು. ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಅವಳು ಪೆಟ್ಟಿಗೆಯ ಮುಚ್ಚಳ ತೆಗೆದದ್ದು, ಕೈಯಲ್ಲಿ ಇನ್ನೂ ಸ್ವಲ್ಪ ಒದ್ದೆ ಇದೆಯೇ ಎಂದು ನೋಡಿಕೊಂಡು ಮತ್ತೆ ಒರೆಸಿಕೊಂಡದ್ದು. ಸಮಯ ಇತ್ತು. 'ಅಕ್ಕ, ತಡಿ' ಎಂದರೆ ಸಾಕಿತ್ತು. ಎರಡೇ ಮಾತು. ತುತ್ತನ್ನು ನುಂಗಿದ. ತಡಿ ಎಂದು ಅಕ್ಕನಿಗೆ ಹೇಳಿದರೆ ಅವಳು ತಿರುಗಿ ನೋಡುತ್ತಾಳೆ, ಯಾಕೆ ಎನ್ನುತ್ತಾಳೆ, ತೊಂದರೆ ಇಲ್ಲ ಅಂದಿದ್ದೆಯಲ್ಲ ಎನ್ನುತ್ತಾಳೆ, ಅಥವಾ ಏನೂ ಅನ್ನದೆ ಸುಮ್ಮನೆ ನೋಡುತ್ತಾಳೆ, ಅಪ್ಪನ ಕಣ್ಣು ಅವಳದು. ಇಷ್ಟು ಹೊತ್ತಿನಲ್ಲಿ ಅದಕ್ಕೆ ಪುರುಸೊತ್ತು ಸಿಕ್ಕಿರಬಹುದು, ಬರೆದುಕೊಂಡಿರಬಹುದು. ಪುಸ್ತಕದವರು ಯಾವಾಗಲೂ ಸ್ವಲ್ಪ ಹೆಚ್ಚಿಗೇ ಹೆದರಿಸುತ್ತಾರೆ. ಟಕ್ ಎಂದಿತು. ಮೇಸ್ತ್ರಿಯ ಕೋಣೆಯ ಸಾಣೆಚಕ್ರದ ಸದ್ದು ಸಣ್ಣಗಾಗುತ್ತ ಹೋಯಿತು, ಪಂಖದ ರೆಕ್ಕೆಗಳು ಒಂದೊಂದಾಗಿ ಕಾಣತೊಡಗಿದವು, ಕೊನೆಗೆ ಯಾವ ಸದ್ದೂ ಉಳಿಯಲಿಲ್ಲ. ಅವನು ಪುಸ್ತಕ ಮುಚ್ಚಿದ.

"ಏನೋ, ಊಟ ಸೇರ್ತಾ ಇಲ್ವಾ?" ಎಂದು ಅಕ್ಕ ಪಕ್ಕದಲ್ಲಿ ಬಂದು ಕೂತಳು.

"ಹೂಂ."

"ಹೂಂ ಅಂದ್ರೆ ಸೇರ್ತಿದೆಯೋ, ಸೇರ್ತಿಲ್ವೋ?"

ಅವನು ಅನ್ನವನ್ನು ಡಬ್ಬಿಯ ಅಂಚಿಗೆ ಸರಿಸಿದ. ಹೀಗೇ ಒಮ್ಮೆ, ಅಪ್ಪ ಗಡ್ಡ ಹೆರೆಯುವ ಕನ್ನಡಿ ಬಚ್ಚಲಲ್ಲಿ ಎರಡು ಹೋಳಾಗಿ ಬಿದ್ದಿತ್ತು. ಅಪ್ಪ ಹೋಳುಗಳನ್ನು ತಂದು ಊಟದ ಮಣೆಯ ಪಕ್ಕದಲ್ಲಿಟ್ಟುಕೊಂಡರು, ಅರ್ಧ ಊಟದವರೆಗೆ ಮಾತಿಲ್ಲ. ಒಂದು ಹೋಳಿನಲ್ಲಿ ಚಾವಣಿ, ಇನ್ನೊಂದರಲ್ಲಿ ಅಕ್ಕನ ಗಲ್ಲ ಕಾಣುತ್ತಿತ್ತು. ಕೊನೆಗೆ ಅಪ್ಪ ಯಾರನ್ನೂ ನೋಡದೆ "ನೀನಾ?" ಎಂದರು. ಅದು ಯಾರಿಗೆ ಕೇಳಿದ್ದು ಎಂದೂ ಗೊತ್ತಿರಲಿಲ್ಲ. ಆ ಮೌನ ಮುಗಿದರೆ ಸಾಕಾಗಿತ್ತು, ಹೂಂ ಎಂದುಬಿಟ್ಟ. ಪೆಟ್ಟು ಬಿದ್ದಾಗ ನಿಜವಾಗಿ ಒಂದು ಥರದ ಸಮಾಧಾನವೇ ಆಗಿತ್ತು. ಒಡೆದದ್ದು ಅವನಲ್ಲ. ಅಕ್ಕ ಅಂದೂ ಏನೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಅವನನ್ನು ಓದಿಸಿದಳು, ಕೆಲಸ ಕೊಟ್ಟಳು, ಜ್ವರ ಬಂದಾಗ ಪಕ್ಕದಲ್ಲಿ ಕೂತಳು, ಆ ಒಂದು ಮಾತು ಮಾತ್ರ ಆಡಲಿಲ್ಲ. ಅವಳ ಕೈ ಈಗ ಡಬ್ಬಿಯ ಮುಚ್ಚಳ ತಿರುಗಿಸುತ್ತಿತ್ತು. ವಯಸ್ಸಾದ ಕೈ. ಆ ಕೈಯನ್ನು ಹಿಡಿದು ತಡೆಯಬಹುದಾಗಿತ್ತು ಎಂಬುದು ಅವನಿಗೆ ಇನ್ನೂ ನಂಬಲಾಗದ ವಿಷಯವಾಗಿತ್ತು.

ಸ್ವಿಚ್ ಮೇಲೇರಿದಾಗ ಎಲ್ಲರಿಗಿಂತ ಮೊದಲು ಅವನು ಯಂತ್ರದ ಮುಂದಿದ್ದ. ಪೆಟ್ಟಿಗೆ ಗುರ್ ಎಂದಿತು, ಪರದೆಯ ಮೇಲೆ ಸಾಲುಗಳು ಓಡಿದವು. ಬೆಳಗ್ಗೆ ಹೀಗೆ ಓಡಿರಲಿಲ್ಲ. ವ್ಯವಸ್ಥೆ ಸರಿಯಾಗಿ ಮುಚ್ಚಿಲ್ಲ, ಡಿಸ್ಕನ್ನು ಪರೀಕ್ಷಿಸುತ್ತಿದ್ದೇನೆ ಎಂದು ಹೇಳಿಕೊಂಡು, ಬಹಳ ಹೊತ್ತು ಒಳಗೇನೋ ಕೆರೆಯಿತು. ಆಮೇಲೆ ನಿಂತಿತು. ಆಮೇಲೆ, ಬೆಳಗಿನಿಂದ ಒಂದು ಮಾತೂ ಕೇಳದಿದ್ದ ಆ ಯಂತ್ರ, ಕೇಳಿತು. ಹೆಸರಿಲ್ಲದ ಕಡತವೊಂದು ಸಿಕ್ಕಿದೆ. ಯಜಮಾನ: ಬೇರು. ತೆಗೆದುಹಾಕಲೇ?

ಪ್ರಶ್ನೆಯನ್ನು ಅವನು ಪೂರ್ತಿ ಓದಿರಲಿಲ್ಲ. ಕೇಳುತ್ತಿದೆ ಎಂಬುದಷ್ಟೇ ಕಣ್ಣಿಗೆ ಬಿತ್ತು. ಎದೆ ಒಮ್ಮೆಲೇ ಹಗುರಾಗಿ, ಬೆರಳು ತಾನಾಗಿಯೇ ಹೋಗಿ ಹೌದು ಎಂದು ಒತ್ತಿತು. ಒತ್ತಿದ ಮೇಲೆ ಓದಿದ. ಯಂತ್ರ ಮತ್ತೇನೂ ಹೇಳಲಿಲ್ಲ, ಮುಂದಿನದನ್ನು ಕೇಳಿತು. ಇನ್ನೊಂದು ಹೆಸರಿಲ್ಲದ ಕಡತ, ಯಜಮಾನ ಬೇರು, ತೆಗೆದುಹಾಕಲೇ? ಬೆನ್ನ ಹಿಂದೆ ಅಕ್ಕ ಬಂದು ನಿಂತಿದ್ದಳು.

"ಏನು ಕೇಳ್ತಾ ಇದೆ ಅದು?"

"ತೆಗೆದುಹಾಕ್ಲಾ ಅಂತ."

"ಏನನ್ನ?"

"ಗೊತ್ತಿಲ್ಲ ಅಕ್ಕ. ಅದಕ್ಕೂ ಗೊತ್ತಿಲ್ಲ. ಹೆಸರು ಹೋಗಿದೆ."

"ಮತ್ತೆ ಯಾರನ್ನ ಕೇಳ್ತಾ ಇದೆ?"

ಅವನು ಕತ್ತು ತಿರುಗಿಸಿ ಅವಳನ್ನು ನೋಡಿದ. ಅವಳು ಏನಾದರೂ ಹೇಳಲಿ, ಹೌದು ಅನ್ನು, ಅಲ್ಲ ಅನ್ನು, ಏನಾದರೊಂದು. "ನನ್ನ ಮುಖ ಯಾಕೋ ನೋಡ್ತೀಯ? ನಂಗೆ ಇದರ ತಲೆಬುಡ ತಿಳಿಯುತ್ತಾ?" ಎಂದಳು ಅಕ್ಕ. ಅವನು ಮತ್ತೆ ಪರದೆಯ ಕಡೆ ತಿರುಗಿ, ಇಲ್ಲ ಎಂಬ ಅಕ್ಷರವನ್ನು ಹುಡುಕಿದ. ಇಷ್ಟು ವರ್ಷ ಅದೇ ಕೀಲಿಮಣೆ, ಆ ಅಕ್ಷರ ಎಲ್ಲಿದೆ ಎಂದು ಹುಡುಕಬೇಕಾಯಿತು. ಒತ್ತಿದ. ಮತ್ತೆ ಕೇಳಿತು. ಮತ್ತೆ ಇಲ್ಲ ಎಂದ. ಕೇಳುತ್ತ ಹೋಯಿತು, ಅವನು ಇಲ್ಲ ಎನ್ನುತ್ತ ಹೋದ. ಪ್ರತಿ ಇಲ್ಲಕ್ಕೂ ಏನೋ ಸಿಡಿಯುತ್ತದೆಂಬಂತೆ ಕಣ್ಣು ಕಿರಿದು ಮಾಡಿಕೊಂಡು. ಕೊನೆಗೆ ಸರಳಿನ ಚಿಹ್ನೆ ಬಂದು ನಿಂತಿತು.

ಉಳಿದವನ್ನೆಲ್ಲ ಅದು 'ಕಳೆದು ಸಿಕ್ಕವು' ಎಂಬ ಒಂದು ಅರೆಯಲ್ಲಿ, ಹೆಸರಿನ ಬದಲು ಬರಿಯ ಸಂಖ್ಯೆ ಕೊಟ್ಟು, ಒಟ್ಟಿತ್ತು. ಒಂದೊಂದನ್ನೇ ತೆರೆದ. ಈ ವಾರದ ಅಳತೆಗಳು, ಚೀಟಿ ನೋಡಿ ಬೆಳಗ್ಗೆ ತಾನೇ ನಕಲು ಮಾಡಿದವು. ಹೆಸರಿಲ್ಲದಿದ್ದರೂ ಗುರುತು ಹತ್ತಿದವು. ಈ ದಪ್ಪ ತೊಡೆ ಬಡಗಿಯದು, ಈ ಸಣಕಲು ನಿವೃತ್ತ ಡ್ರಿಲ್ ಮಾಸ್ತರರದು. ಇವಕ್ಕೆಲ್ಲ ಚೀಟಿಯೂ ಇದೆ, ಹೋಗಿದ್ದರೂ ನಷ್ಟವಿರಲಿಲ್ಲ. ಚೀಟಿಯಿಲ್ಲದ್ದು ಒಂದೇ ಒಂದು, ಬೆಳಗ್ಗೆ ಅಳೆದು ನೇರವಾಗಿ ಯಂತ್ರಕ್ಕೇ ಟೈಪ್ ಮಾಡಿದ್ದು. ಅರೆಯನ್ನು ಎರಡು ಸಲ, ಮೂರು ಸಲ ನೋಡಿದ. ಮಂಡಿಯ ಕೆಳಗಿನ ಆ ಅಂಕಿಗಳು ಎಲ್ಲೂ ಇರಲಿಲ್ಲ. ಅವನ ಮೊದಲನೆಯ ಹೂಂ ಕಂಡಕ್ಟರಮ್ಮನ ಕಾಲನ್ನೇ ಅಳಿಸಿತ್ತು.

ಮೇಸ್ತ್ರಿ ಒಳಗಿನಿಂದ, "ಇದ್ಯಾಕೋ ನಂಗೆ ಏನೂ ಕಾಣ್ತಿಲ್ಲ" ಎಂದರು. ಅಂಕಿಗಳು ನೆನಪಿವೆಯೇ ಎಂದು ಅವನು ಬಾಗಿಲಿಗೆ ಹೋಗಿ ಕೇಳಿದ. ಮೇಸ್ತ್ರಿ ಗೋಡೆ ನೋಡಿದರು, ಕಿವಿಯ ಪೆನ್ಸಿಲ್ ಮುಟ್ಟಿಕೊಂಡರು, ತಲೆಯಾಡಿಸಿದರು. ನೀವೇ ಬೇಡ ಅಂದಿರಲ್ಲ ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

"ಕರೆಂಟ್ ತೆಗೆದಿದ್ದಕ್ಕಾ?" ಎಂದು ಅಕ್ಕ ಮೆಲ್ಲಗೆ ಕೇಳಿದಳು. ಅವಳ ಕೈ ಕನ್ನಡಕದ ಮೇಲಿತ್ತು. "ನಾನು ಮಾಡಿದ್ದಾ ಇದು?"

ಇಷ್ಟು ವರ್ಷಕ್ಕೆ ಅಪ್ಪನ ಆ ಪ್ರಶ್ನೆ ಅವಳ ಬಾಯಿಂದ ಬಂದಿತ್ತು. ಹೂಂ ಎಂದರೆ ಮುಗಿಯುತ್ತಿತ್ತು, ಅರ್ಧ ನಿಜವೂ ಆಗಿತ್ತು. ಗಂಟಲಲ್ಲಿ ಅದು ಬಂದು ನಿಂತೂ ಇತ್ತು. "ಅಲ್ಲ" ಎಂದ. "ನೀನು ಸ್ವಿಚ್ ಹತ್ರ ಹೋಗೋದಕ್ಕೆ ಮುಂಚೆನೇ ನಾನು ಓದಿದ್ದೆ. ತೆಗೀಬಾರ್ದು ಅಂತ ಬರ್ದಿತ್ತು. ನೋಡ್ತಾ ಕೂತಿದ್ದೆ." ಅಕ್ಕ ಅವನನ್ನು ನೋಡಿದಳು. ಅಪ್ಪನ ಕಣ್ಣೇ. ಆದರೆ ಅವುಗಳ ಒಳಗೆ, ಅವನು ಎಂದೂ ಸರಿಯಾಗಿ ನೋಡಿರದ ಒಂದು ಜಾಗದಲ್ಲಿ, ಅವನಷ್ಟೇ ಹೆದರಿಕೆ ಇತ್ತು. ಅವಳು ಏನೋ ಹೇಳಲು ಬಾಯಿ ತೆರೆದು, ಕನ್ನಡಕ ಹಾಕಿಕೊಂಡು, ಜಗುಲಿಯ ಕಡೆ ಕೈ ತೋರಿಸಿದಳು.

ಜಗುಲಿಯಲ್ಲಿ ಬಿಸಿಲು ಬೆಂಚಿನ ಕಾಲಿನವರೆಗೆ ಬಂದಿತ್ತು. ಕಂಡಕ್ಟರಮ್ಮ ಚೀಲವನ್ನು ಆಗಲೇ ಕಟ್ಟಿ ಮಡಿಲಲ್ಲಿಟ್ಟುಕೊಂಡಿದ್ದಳು. ಮೇಲೆ ಮಗಳಿಗೆಂದು ಕೊಂಡ ಒಂದು ಬಣ್ಣದ ಪೆನ್ಸಿಲ್ ಪೆಟ್ಟಿಗೆ ಇಣುಕುತ್ತಿತ್ತು. ಕತ್ತರಿಸಿ ಉಳಿದ ಕಾಲು ಬೆಂಚಿನಿಂದ ಕೆಳಗೆ ಜೋತಿತ್ತು. ಬೆಳಗಿನಿಂದ ಹಾಗೇ ಕೂತು ಮತ್ತೆ ಊದಿಕೊಂಡಿತ್ತು, ಅದು ಅವನಿಗೆ ಹತ್ತು ಹೆಜ್ಜೆ ದೂರದಿಂದಲೇ ಕಂಡಿತು. ಅವಳು ತಲೆಯೆತ್ತಿ ನಕ್ಕಳು.

"ಅಚ್ಚು ಆಯ್ತಾ ಅಣ್ಣ? ಸಂಜೆ ಹೊರಡ್ಬಹುದಲ್ಲಾ?"

ಓಡಿಹೋಗುವ ಹಾಗಿದ್ದರೆ ಓಡಿಹೋಗುತ್ತಿದ್ದ. "ಇಲ್ಲ" ಎಂದ. "ಅಳತೆ ಕಳೆದುಹೋಯ್ತು. ನನ್ನಿಂದಲೇ ಹೋಯ್ತು. ಈಗ ಊದಿದೆ, ಅಳೆಯೋಕಾಗಲ್ಲ. ಇವತ್ತು ರಾತ್ರಿನೂ ನೀವು ಉಳ್ಕೋಬೇಕು."

ಅವಳ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಹೋಯಿತು. ರಸ್ತೆಯಲ್ಲಿ ಒಂದು ಬಸ್ಸು ಹಾದಾಗ ಅವಳ ಕಣ್ಣು ಅದರ ಫಲಕವನ್ನು ಅಭ್ಯಾಸದಂತೆ ಓದಿ ಹಿಂದಿರುಗಿತು. ಬೈಯುತ್ತಾಳೆ ಎಂದು ಅವನು ಕಾದ. ಅಳುತ್ತಾಳೆ ಎಂದು ಕಾದ. ಅವಳು ಪೆನ್ಸಿಲ್ ಪೆಟ್ಟಿಗೆಯನ್ನು ಚೀಲದ ಒಳಗೆ, ಕೆಳಗೆ, ಕಾಣದ ಹಾಗೆ ತುರುಕಿದಳು. ಊರುಗೋಲನ್ನು ಗೋಡೆಗೆ ಒರಗಿಸಿದಳು. ಚೀಲವನ್ನು ಬೆಂಚಿನ ಆ ತುದಿಗೆ ದಿಂಬಿನಂತೆ ಇಟ್ಟು, ಎರಡೂ ಕೈಯಿಂದ ಆ ಕಾಲನ್ನು ಎತ್ತಿ, ಅದರ ಮೇಲೆ ಇಟ್ಟುಕೊಂಡಳು. ಮತ್ತೆ ಗೋಡೆಯ ಕಡೆ ಮುಖ ತಿರುಗಿಸಿದಳು. ಏನೂ ಹೇಳಲಿಲ್ಲ.

ಅವನು ಅಲ್ಲೇ ನಿಂತಿದ್ದ.